ಮಧ್ಯಾಹ್ನದ ನಿದ್ದೆ

ಕಣ್ಣು ಬಿಟ್ಟ ಕೂಡಲೇ ಸಂಹಿತಾ ತನ್ನ ಪಾದಗಳನ್ನು ನೋಡಿಕೊಂಡಳು. ಮಣ್ಣಿರಲಿಲ್ಲ. ಅಂಗೈ ತಿರುಗಿಸಿ ನೋಡಿದಳು. ಅದೂ ಚೊಕ್ಕವಾಗಿತ್ತು. ಗಡಿಯಾರದಲ್ಲಿ ಮಧ್ಯಾಹ್ನ ಮೂರು. ಕೆಳಗೆ ಅಂಗಳದಿಂದ ಯಾರೋ ಅವಳ ಹೆಸರು ಹಿಡಿದು ಕೂಗುತ್ತಿದ್ದರು.

ಮೆಟ್ಟಿಲಿಳಿದು ಓಡಿದಳು. ನೆಲಮಹಡಿಯ ನೂರುನ್ನೀಸಾ, ಸಂಹಿತಾಳ ಮಗಳು ಸೃಷ್ಟಿಯನ್ನು ಎದೆಗವಚಿಕೊಂಡು ನಿಂತಿದ್ದರು. ಅವರ ಹಿಂದೆ ನೀರಿನ ಸಂಪಿನ ಮುಚ್ಚಳ ತೆಗೆದು ಪಕ್ಕಕ್ಕಿಟ್ಟಿತ್ತು.

"ಬಟ್ಟೆ ತೆಗೆಯೋಕೆ ಬಂದೆ. ಮಗು ಒಂದೇ ಕೂತಿತ್ತಮ್ಮ ಇಲ್ಲಿ, ನೀರಿಗೆ ಕೈ ಚಾಚ್ಕೊಂಡು," ಎಂದರು ನೂರುನ್ನೀಸಾ.

ಸೃಷ್ಟಿಗೆ ಹತ್ತು ತಿಂಗಳು. ಅಂಬೆಗಾಲಿಡುತ್ತಾಳೆ, ಅಷ್ಟೇ. ಎರಡನೇ ಮಹಡಿಯಿಂದ ತಾನಾಗಿ ಇಳಿದು ಬರುವ ಮಗುವಲ್ಲ. ಆ ಭಾರದ ಮುಚ್ಚಳ ಎತ್ತುವುದಂತೂ ದೂರದ ಮಾತು. ಯಾರೋ ಎತ್ತಿಕೊಂಡು ಬಂದು ಕೂರಿಸಿದ್ದಾರೆ. ಯಾರೆಂದು ಸಂಹಿತಾಗೆ ಗೊತ್ತಿತ್ತು. ಮಗುವಿಗೆ ಕೈ ಚಾಚಲು ಹೋದವಳು ಕೈ ಹಿಂದಕ್ಕೆಳೆದುಕೊಂಡಳು.

ಮೇಲೆ ನಡುಮನೆಯಲ್ಲಿ ಅತ್ತೆ ಪ್ರೇಮಕ್ಕ ಚಾಪೆಯ ಮೇಲೆ ಗೊರಕೆ ಹೊಡೆಯುತ್ತಿದ್ದರು. ಎರಡು ಸಲ ಅಲುಗಿಸಿದ ಮೇಲೆ ಎದ್ದರು. ವಿಷಯ ತಿಳಿದು ಹಣೆ ಚಚ್ಚಿಕೊಂಡರು. ಕೂಸನ್ನು ಪಕ್ಕದಲ್ಲೇ ಮಲಗಿಸಿಕೊಂಡಿದ್ದೆ, ನನ್ನ ಹಾಳು ನಿದ್ದೆಗೆ ಬೆಂಕಿ ಬೀಳಲಿ ಎಂದು ಅತ್ತರು. ಸಂಹಿತಾಗೆ ಅವರ ಮೇಲೆ ಒಂದಿಷ್ಟೂ ಸಿಟ್ಟು ಬರಲಿಲ್ಲ. ಅರವತ್ತಾರು ವರ್ಷದ ಜೀವ, ಬೆಳಗ್ಗೆಯಿಂದ ಮಗುವಿನ ಹಿಂದೆ ಓಡಾಡಿ ಊಟವಾದ ಮೇಲೆ ಒರಗಿದರೆ ತಪ್ಪೇನು? ದಾವಣಗೆರೆಯಿಂದ ಬಂದ ಹೊಸತರಲ್ಲಿ ಬೆಂಗಳೂರಿನ ಈ ಮರ್ಫಿ ಟೌನಿನ ಹಾರ್ನ್ ಸದ್ದಿಗೆ ರೆಪ್ಪೆ ಮುಚ್ಚಲಾಗದೆ ಒದ್ದಾಡಿದವರು. ಈಚೆಗಷ್ಟೇ ಊರು ಒಗ್ಗಿ ನಿದ್ದೆ ಹತ್ತುತ್ತಿತ್ತು.

ತಪ್ಪೆಲ್ಲ ನಿದ್ದೆ ಮಾತ್ರೆಯದು. ಅದನ್ನು ನುಂಗಿದ ತನ್ನದು.

ಸಂಹಿತಾ ಇಂದಿರಾನಗರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಾತ್ರಿ ಪಾಳಿಯವಳು. ಬೆಳಗ್ಗೆ ಎಂಟಕ್ಕೆ ಮನೆ, ಒಂಬತ್ತಕ್ಕೆ ಮಾತ್ರೆ, ಮೂರರವರೆಗೆ ನಿದ್ದೆ. ಬರೆದುಕೊಡುವಾಗಲೇ ಡಾಕ್ಟರು ಎಚ್ಚರಿಸಿದ್ದರು. ಈ ಮಾತ್ರೆ ಎಲ್ಲರ ಮೈಗೂ ಒಂದೇ ಥರ ಅಲ್ಲ. ಒಬ್ಬರು ಕೊರಡಿನಂತೆ ಬಿದ್ದುಕೊಳ್ಳುತ್ತಾರೆ. ಅಪರೂಪಕ್ಕೆ ಇನ್ನೊಬ್ಬರು ನಿದ್ದೆಯಲ್ಲೇ ಎದ್ದು ಓಡಾಡುತ್ತಾರೆ, ಅಡುಗೆ ಮಾಡುತ್ತಾರೆ, ಬಾಗಿಲು ತೆಗೆದು ಹೊರಗೆ ಹೋಗುತ್ತಾರೆ. ಎದ್ದ ಮೇಲೆ ಒಂದೂ ನೆನಪಿರುವುದಿಲ್ಲ. ಸಂಹಿತಾ ಆಗ ನಕ್ಕಿದ್ದಳು.

ಹದಿನೈದು ದಿನದ ಹಿಂದೆ ಅವಳು ಎದ್ದು ನೋಡಿದಾಗ ಒಲೆ ಉರಿಯುತ್ತಿತ್ತು, ಬಾಣಲೆಯಲ್ಲಿ ಮಂಡಕ್ಕಿ ಒಗ್ಗರಣೆ ಸೀದು ಕರಕಲಾಗಿತ್ತು. ಗಂಡ ಜಯಂತ್ ತಮಾಷೆ ಮಾಡಿದ್ದ. ಎಚ್ಚರದಲ್ಲಿ ಎಷ್ಟು ಹೇಳಿದರೂ ಮಾಡದವಳು ನಿದ್ದೆಯಲ್ಲಿ ದಾವಣಗೆರೆ ಸೊಸೆ ಆಗಿಬಿಟ್ಟೆಯಲ್ಲ ಎಂದು. ಮರುವಾರ ಮುಂಬಾಗಿಲು ಹಾರು ಹೊಡೆದು ತೆರೆದಿತ್ತು. ಅವತ್ತು ಅವಳು ಮಾತ್ರೆ ಎಣಿಸಿದಳು. ಇರಬೇಕಾದ್ದಕ್ಕಿಂತ ಕಡಿಮೆ ಇದ್ದವು. ನಿದ್ದೆಗಣ್ಣಿನಲ್ಲಿ ಇನ್ನೊಂದು ನುಂಗುತ್ತಿದ್ದೇನೆ ಎಂದುಕೊಂಡಳು. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಮನೆಯವರು ಅವಳನ್ನು ನೋಡುವ ರೀತಿಯೇ ಬದಲಾಗುತ್ತಿತ್ತು.

ಈಗ ಸಂಪು.

ಸಂಜೆ ಜಯಂತ್ ಬಂದ. ನಾಳೆ ಡಾಕ್ಟರ ಹತ್ತಿರ ಹೋಗೋಣ, ಮಾತ್ರೆ ಬದಲಿಸಿದರೆ ಸರಿಹೋಗುತ್ತದೆ ಎಂದ. ಅವಳು ಅಡುಗೆಮನೆಯ ಮೂಲೆಯಲ್ಲಿ ಕೂತೇ ಇದ್ದಳು.

"ನಾನೇ ಕೂರ್ಸಿದೀನಿ ಕಣ್ರೀ ಅವಳನ್ನ ಅಲ್ಲಿ. ನಂಗೆ ನೆನಪೂ ಇಲ್ಲ. ನಾನು ಸರಿಹೋಗೋ ತನಕ ಮಗು ಈ ಮನೇಲಿರೋದು ಬೇಡ."

ದಾರಿ ತೋರಿಸಿದ್ದು ಪ್ರೇಮಕ್ಕ. ಕೂಸನ್ನು ದಾವಣಗೆರೆಗೆ ಕರೆದುಕೊಂಡು ಹೋಗುತ್ತೇನೆ, ಒಂದು ತಿಂಗಳು ಇರಲಿ ಎಂದರು. ಅವರ ಸ್ವಭಾವವೇ ಹಾಗೆ, ಯಾರಿಗೆ ಏನು ಕಷ್ಟವೆಂದರೂ ತಮ್ಮ ಕೈಲಿದ್ದುದನ್ನು ಕೊಟ್ಟುಬಿಡುವವರು. ನೂರುನ್ನೀಸಾಗೆ ಮಂಡಿನೋವೆಂದಾಗ ತಮ್ಮ ಮಾತ್ರೆಯಲ್ಲೇ ಅರ್ಧ ಹಾಳೆ ಕತ್ತರಿಸಿ ಕೊಟ್ಟಿದ್ದರು. ಸಂಹಿತಾ ಅವರ ಕಾಲು ಮುಟ್ಟಿ ನಮಸ್ಕರಿಸಿದಳು.

ಮರುದಿನ ಬೆಳಗ್ಗೆ ಕಂಟೋನ್ಮೆಂಟ್ ನಿಲ್ದಾಣದಲ್ಲಿ ಹುಬ್ಬಳ್ಳಿ ಕಡೆಯ ರೈಲು ಹತ್ತಿಸಿದರು. ಬೋಗಿ ಅರ್ಧ ಖಾಲಿಯಿತ್ತು, ಪ್ರೇಮಕ್ಕನಿಗೆ ಬಾಗಿಲ ಪಕ್ಕದ ಸೀಟು. ಸೃಷ್ಟಿ ಅಮ್ಮನಿಗಾಗಿ ಕೈ ಚಾಚಿ ಅತ್ತಳು. ಸಂಹಿತಾ ಎತ್ತಿಕೊಳ್ಳಲಿಲ್ಲ. ತನ್ನ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, ರೈಲು ಕಣ್ಣಿಗೆ ಮರೆಯಾಗುವವರೆಗೆ ನಿಂತಿದ್ದಳು. ಆಮೇಲೆ ಜಯಂತನ ಭುಜಕ್ಕೆ ಒರಗಿ ಮನಸಾರೆ ಅತ್ತಳು. ಮಗು ಉಳಿಯಿತು. ತನ್ನಿಂದ ಉಳಿಯಿತು.

ಮಧ್ಯಾಹ್ನ ಫೋನ್ ಬಂತು. ರೈಲು ತುಮಕೂರು ದಾಟಿತ್ತು. ಪ್ರೇಮಕ್ಕನ ದನಿ ಆಗಲೇ ಸ್ವಲ್ಪ ಎಳೆಯುತ್ತಿತ್ತು. ಸೊಸೆ ಬಿಕ್ಕುವುದು ಕೇಳಿ ಅವರಿಗೆ ಕರುಳು ಚುರುಕ್ಕೆಂದಿತು.

"ಅಳಬ್ಯಾಡ ತಾಯಿ. ಸುಮ್ನೆ ಆ ಮಾತ್ರಿ ಮ್ಯಾಲೆ ತಪ್ಪು ಹೊರಸ್ತೀಯ. ನಿನಗ ಅಷ್ಟು ಚಲೋ ನಿದ್ದಿ ಬರ್ತೈತಲ್ಲ ಅಂತ ಹದಿನೈದು ದಿನದಿಂದ ಉಂಡ ಮ್ಯಾಲೆ ನಾನೂ ಒಂದು ನುಂಗ್ತಿದ್ದೆ, ನನಗೇನಾಗೈತಿ ಹೇಳು? ಈಗೂ ಬುತ್ತಿ ಬಿಚ್ಚಿ ಉಂಡು, ಜೊತಿಗೆ ತಂದಿದ್ದೊಂದು ನುಂಗಿ, ಕೂಸನ್ನ ತೊಡಿ ಮ್ಯಾಲೆ ಹಾಕ್ಕೊಂಡೀನಿ. ಇನ್ನ ದಾವಣಗೆರಿ ತನಕ ಎಬ್ಬಿಸಬ್ಯಾಡ, ಫೋನ್ ಬಂದ್ ಮಾಡ್ತೀನಿ."