ಗೋಡೆಯ ಮೇಲಿನ ಒಳ್ಳೆಯ ದಿನ

ವಳ್ಳಿಯಮ್ಮ ಸೇವಾ ಕ್ಲಬ್ಬಿನ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಕಲ್ಲು ಮೊರದಲ್ಲೇ ಉಳಿಯುತ್ತಿತ್ತು, ಅಕ್ಕಿ ಅಂಗಳಕ್ಕೆ ಹಾರುತ್ತಿತ್ತು. ಎರಡೂ ಕಣ್ಣಿಗೆ ಪೊರೆ ಬಂದ ಮೇಲೆ ಅವಳ ಕೆಲಸವೆಲ್ಲ ಹೀಗೇ. ಕಾರಿಮಂಗಲದ ಆ ಬೀದಿಯ ಕೋಳಿಗಳು ಮಾತ್ರ ಅವಳ ಹಿಂದೆಯೇ ತಿರುಗಿ ಚೆನ್ನಾಗಿ ಕೊಬ್ಬಿದ್ದವು.

“ಅಕ್ಕಾ, ನೀನು ಆರಿಸಿದ್ದು ಸಾಕು. ಕೋಳಿಗಳಿಗೆ ಅಜೀರ್ಣ ಆಯ್ತದೆ,” ಎಂದು ಅವಳ ಓರಗಿತ್ತಿ ಅಂಕಮ್ಮ ಪೊರಕೆ ಕೆಳಗಿಟ್ಟು ಮೊರ ಕಿತ್ತುಕೊಂಡಳು.

“ಹಂಗಂದ್ರೆ ನಿನ್ ಕ್ಯಾಂಪು ಯಾವಾಗ ಬತ್ತೈತೆ ಯೋಳು. ನೀನು ನಮ್ಮನೆಗೆ ಸೊಸೆಯಾಗಿ ಬಂದಾಗಿಂದ ನಿನ್ ಮೊಕ ನೋಡ್ತಾ ಇದ್ದೆ, ಈಗ ಬರೀ ಮಬ್ಬು. ಇದೇ ವಾಸಿ ಅಂತ ನಂಗನ್ಸೋಕ್ ಮುಂಚೆ ಆಪರೇಸನ್ ಮಾಡ್ಸು.”

ಕ್ಲಬ್ಬಿನ ಬಾಗಿಲ ಪಕ್ಕದ ಕರಿಹಲಗೆಯಲ್ಲಿ ತಮಿಳಿನಲ್ಲಿ ಸುದ್ದಿ ಬರೆದಿತ್ತು: ಉಚಿತ ಕಣ್ಣಿನ ಕ್ಯಾಂಪು, ‘ವಿರೈವಿಲ್’, ಸೇವೆ ಮಾಡುವವರು ಹೆಸರು ಕೊಡಿ. ವಿರೈವಿಲ್ ಎಂದರೆ ಬೇಗನೆ. ಮಳೆಗೆ ಅಳಿಸಿದಾಗಲೆಲ್ಲ ಆ ಬೇಗನೆಯನ್ನು ಮತ್ತೆ ದಪ್ಪಗೆ ಬರೆಯುತ್ತಿದ್ದರು. ಮೈಕ್ ಹಿಡಿಯುವುದಕ್ಕೆ, ಡಾಕ್ಟರಿಗೆ ಶಾಲು ಹೊದಿಸುವುದಕ್ಕೆ ಬೀದಿಯ ಗಂಡಸರೆಲ್ಲ ಹೆಸರು ಕೊಟ್ಟಿದ್ದರು. ಕಣ್ಣು ಕಾಣದವರ ಕೈ ಹಿಡಿದು ನಡೆಸುವುದಕ್ಕೆ ಹೆಸರು ಕೊಟ್ಟವಳು ಅಂಕಮ್ಮ ಒಬ್ಬಳೇ. ಆದರೆ ಡಾಕ್ಟರನ್ನು ಕರೆಯುವ ಕಾಗದವೇ ಇನ್ನೂ ಸೇಲಂಗೆ ಹೋಗಿರಲಿಲ್ಲ. ಅದು ಸೆಕ್ರೆಟರಿ ಪೊನ್ನುಸ್ವಾಮಿಯ ಜೇಬಿನಲ್ಲಿತ್ತು. ಒಂದು ಸಲ ಅಂಗಿಯ ಜೊತೆ ಒಗೆತಕ್ಕೂ ಹೋಗಿ ಬಂದು, ಹೊಸದಾಗಿ ಬರೆಸಿಕೊಂಡು, ಮತ್ತೆ ಅದೇ ಜೇಬು ಸೇರಿತ್ತು.

ಅಷ್ಟರಲ್ಲಿ ಪೊನ್ನುಸ್ವಾಮಿಯೇ ಬಂದ. ಚಪ್ಪಲಿ ಬಿಟ್ಟು ನೇರವಾಗಿ ಒಳಗಿನ ಗೋಡೆಗೆ ನೇತುಹಾಕಿದ್ದ ದಿನದ ಕ್ಯಾಲೆಂಡರಿನ ಮುಂದೆ ನಿಂತ. ಅವತ್ತಿನ ಹಾಳೆ ಓದಿ ಲೊಚಗುಟ್ಟಿದ.

“ಅಷ್ಟಮಿ, ಅಂಕಮ್ಮಕ್ಕಾ. ಇವತ್ತು ಕಾಗ್ದ ಆಕ್ಬಾರ್ದು.”

“ನಾಳೆ?”

“ನವಮಿ.”

“ಅದಾದ್ಮೇಲೆ?”

“ಸನಿವಾರ. ಕಣ್ಣಿನ ವಿಸ್ಯ, ಸನಿವಾರ ಯಾರಾನ ಸುರು ಮಾಡ್ತಾರಾ?”

“ಆಡಿ ಮಾಸ ಕಳೀಲಿ ಅಂದ್ರಿ, ಕಳೀತು. ನಿಮ್ಮತ್ತೆ ಸೂತಕ ಕಳೀಲಿ ಅಂದ್ರಿ, ಅದೂ ಕಳೀತು. ಎಸ್‌ಟಿಡಿ ಬೂತಿಂದ ಒಂದು ಪೋನಾದ್ರೂ ಮಾಡಿ ಅಣ್ಣಾ. ಅರೂರು ಕ್ಲಬ್ಬೋರು ಮೊದ್ಲು ಕರೆದ್ರೆ ಡಾಕ್ಟ್ರು ಅಲ್ಲಿಗೇ ಓಗ್ಬಿಡ್ತಾರೆ. ನಮ್ಮಕ್ಕ ಬಸ್ ಅತ್ತಿದ್ರೆ ವಾಂತಿ, ಅರೂರು ಮುಟ್ಟಾಕಿಲ್ಲ.”

“ಪೋನಿಗೆ ಲೆಟರ್‌ಪ್ಯಾಡ್ ಐತಾ? ಕ್ಲಬ್ಬಿಗೆ ಒಂದು ಮರ್ಯಾದೆ ಬ್ಯಾಡ್ವಾ? ನಂಗೂ ಆಸೆ ಐತಕ್ಕಾ. ಏನ್ ಮಾಡ್ಲಿ, ಕ್ಯಾಲೆಂಡರ್ ಒಪ್ಬೇಕಲ್ಲ!” ಎನ್ನುತ್ತ ಪೊನ್ನುಸ್ವಾಮಿ ಎದುರಿನ ಅಂಗಡಿಗೆ ಟೀ ಕುಡಿಯಲು ಹೋದ.

ಕ್ಲಬ್ಬಿನ ಕಸ ಗುಡಿಸುವುದಕ್ಕೂ ಹೆಸರು ಕೊಟ್ಟಿದ್ದವಳು ಅಂಕಮ್ಮನೇ. ಹಾಗಾಗಿ ದಿನಾ ಬೆಳಿಗ್ಗೆ ಹಿಂದಿನ ದಿನದ ಹಾಳೆ ಕೀಳುವುದೂ ಅವಳ ಪಾಲಿಗೇ ಬಂದಿತ್ತು. ಅವಳು ಒಳಗೆ ಹೋಗಿ ಅಷ್ಟಮಿಯನ್ನು ಕಿತ್ತಳು. ನವಮಿಯನ್ನು ಕಿತ್ತಳು. ಶನಿವಾರವನ್ನು ಸ್ವಲ್ಪ ಜೋರಾಗಿಯೇ ಕಿತ್ತಳು. ‘ಶುಭಮುಹೂರ್ತ’ ಎಂದು ಹಸಿರು ಅಕ್ಷರದಲ್ಲಿ ಅಚ್ಚಾದ ಹಾಳೆ ಬರುವ ತನಕ ಕೈ ನಿಲ್ಲಿಸಲಿಲ್ಲ.

“ಅದೇನೇ ಪರಪರ ಅಂತೈತೆ?” ವಳ್ಳಿಯಮ್ಮ ಜಗಲಿಯಿಂದ ಕೂಗಿದಳು.

“ದಿನ ಕಳೀತಾ ಐತೆ ಅಕ್ಕಾ.”

ಟೀ ಮುಗಿಸಿ ಬಂದ ಪೊನ್ನುಸ್ವಾಮಿ ಗೋಡೆ ನೋಡಿ ತಲೆಯ ಮೇಲೆ ಕೈ ಹೊತ್ತ. “ಅಯ್ಯಯ್ಯೋ! ಇನ್ನೂ ಬಂದೇ ಇಲ್ದಿರೋ ದಿನಾನೆಲ್ಲ ಕಿತ್ತಾಕ್ಬಿಟ್ರಲ್ಲಕ್ಕಾ!”

“ತಪ್ಪಾಯ್ತಾ? ಹಾಳೆ ಇಲ್ಲೇ ಅವೆ. ಅನ್ನದ ಅಗುಳು ಇಟ್ಟು ಅಂಟಿಸ್ಲಾ?”

ಪೊನ್ನುಸ್ವಾಮಿ ಹಾವು ಕಂಡವನಂತೆ ಹಿಂದೆ ಸರಿದ. “ಬ್ಯಾಡ, ಬ್ಯಾಡ! ಕಿತ್ತ ದಿನಾನ ತಿರುಗಿ ಅಂಟಿಸಿದ್ರೆ ಮನೇಗೇ ಆಗಿಬರಲ್ಲ ಅಂತ ನಮ್ಮಪ್ಪ ಯೋಳ್ತಿದ್ರು.”

“ಹಂಗಾದ್ರೆ ಗೋಡೆ ಮೇಲೆ ಇರೋದೇ ಇವತ್ತು. ಅಲ್ವಾ ಅಣ್ಣಾ?”

ಅಷ್ಟಮಿ ಅಂಕಮ್ಮನ ಮುಷ್ಟಿಯಲ್ಲಿತ್ತು, ಮುಹೂರ್ತ ಮೊಳೆಯಲ್ಲಿ ನೇತಾಡುತ್ತಿತ್ತು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕೆಂದು ತಿಳಿಯದೆ ಪೊನ್ನುಸ್ವಾಮಿ ಮುಷ್ಟಿಯನ್ನೊಮ್ಮೆ, ಮೊಳೆಯನ್ನೊಮ್ಮೆ ನೋಡಿದ. ಕೊನೆಗೆ “ಮುರುಗಾ!” ಎಂದು ಜೇಬಿನಿಂದ ಕಾಗದ ತೆಗೆದು, ಗೋಡೆಯ ಮೇಲಿನ ತಾರೀಖನ್ನೇ ಗಟ್ಟಿಯಾಗಿ ಓದುತ್ತ ಕಾಗದದ ತಲೆಗೆ ಬರೆದು, ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಕವರಿಗೆ ಹಾಕಿ ಅಂಟಿಸಿದ.

“ರಾವುಕಾಲ ಬರೋಕ್ ಮುಂಚೆ ಓಡಕ್ಕಾ!”

ಯಾವ ದಿನದ ರಾಹುಕಾಲ ಎಂದು ಅಂಕಮ್ಮ ಕೇಳಲು ಹೋಗಲಿಲ್ಲ. ಕವರನ್ನು ವಳ್ಳಿಯಮ್ಮನ ಕೈಗೆ ಕೊಟ್ಟು, ಇನ್ನೊಂದು ಕೈ ಹಿಡಿದು ಎಬ್ಬಿಸಿ, ಬೀದಿಯ ಕೊನೆಯ ಅಂಚೆ ಡಬ್ಬಿಯ ಕಡೆಗೆ ನಡೆಸಿಕೊಂಡು ಹೊರಟಳು. ಕ್ಯಾಂಪಿನ ಸೇವೆ ಅಲ್ಲಿಂದಲೇ ಶುರುವಾದಂತಾಯಿತು. ಹಿಂದೆ ಕೋಳಿಗಳೂ ಬಂದವು.

ವಳ್ಳಿಯಮ್ಮ ಬೆರಳಲ್ಲೇ ತಡಕಾಡಿ ಡಬ್ಬಿಯ ಬಾಯಿ ಕಂಡುಕೊಂಡಳು. ಕವರನ್ನು ಅರ್ಧ ತೂರಿಸಿ ನಿಂತುಬಿಟ್ಟಳು.

“ಅಂಕಮ್ಮಾ, ಆ ಅಣ್ಣ ಮುಂದಿನ ವಾರದ ತಾರೀಕು ಆಕವ್ರೆ. ಇದು ನಾಳೆನೋ ನಾಡಿದ್ದೋ ಸೇಲಂ ಸೇರ್ತೈತೆ. ಇನ್ನೂ ಬರೀದೇ ಇರೋ ಕಾಗ್ದಾನ ಡಾಕ್ಟ್ರು ಎಂಗೆ ಓದ್ತಾರೆ?”

“ಕಣ್ಣಿನ ಡಾಕ್ಟ್ರಲ್ವಾ ಅಕ್ಕಾ? ಅಷ್ಟು ದೂರಾನೂ ಕಾಣ್ದಿದ್ರೆ ಅಂಥೋರ ಕೈಗೆ ನಿನ್ ಕಣ್ಣು ಯಾಕೆ ಕೊಡಾನ? ಬಿಡು ಒಳಕ್ಕೆ.”

ವಳ್ಳಿಯಮ್ಮ ಬಿಟ್ಟಳು. ಡಬ್ಬಿಯ ತಳದಲ್ಲಿ ಪಟ್ ಎಂದ ಸದ್ದಿಗೆ ಕೋಳಿಗಳೆಲ್ಲ ಓಡಿಬಂದು, ಅವಳ ಖಾಲಿ ಕೈಯನ್ನೇ ನೋಡುತ್ತ ನಿಂತವು.