ಫಕೀರವ್ವನ ಒಣ ಅಂಗೈ

ತಂತಿಗಳೆಲ್ಲ ಸವೆದುಹೋದ ಕಾಲದಿಂದ ಕರೆಂಟು ಮನುಷ್ಯರ ಮೈಯಲ್ಲೇ ಹರಿಯುತ್ತಿತ್ತು. ಯಾರ ಮನೆಯಲ್ಲಿ ಹೆರಿಗೆಯಾದರೂ ಓಣಿಯ ಜನ ಉಪ್ಪುನೀರಿನಲ್ಲಿ ಕೈ ಅದ್ದಿ, ಬ್ಯಾಟರಿಯಿಂದ ದೀಪಕ್ಕೆ, ದೀಪದಿಂದ ಮತ್ತೆ ಬ್ಯಾಟರಿಗೆ, ಕೈ ಕೈ ಹಿಡಿದು ನಿಲ್ಲುತ್ತಿದ್ದರು. ಹೆರುವವಳ ತಾಯಿ ಸಾಲಿನಲ್ಲಿ ಇರಲೇಬೇಕೆಂಬುದು ರೂಢಿ.

ಇಂದು ಫಕೀರವ್ವನ ಮಗಳ ಹೆರಿಗೆ. ಪ್ರೀತಿಯಿಂದ ಇಪ್ಪತ್ತು ಜನ ಬಂದು ಹೊರಗೆ ಸಾಲುಗಟ್ಟಿದ್ದರೂ ಒಳಕೋಣೆಯ ದೀಪ ಮಿಣಮಿಣ ಎನ್ನುತ್ತಿತ್ತು.

"ಕೂಸು ಅಡ್ಡ ತಿರಿಗೇತಿ, ಏನೂ ಕಾಣವಲ್ದು!" ಎಂದು ಒಳಗಿನಿಂದ ಸೂಲಗಿತ್ತಿ ಹಸೀನಾಬಿ ಕೂಗಿದಳು.

"ಇನ್ನೂ ನಾಕು ಮಂದಿ ಕೂಡ್ರಿ!" ಎಂದ, ಫಕೀರವ್ವನ ಒಂದು ಕೈ ಹಿಡಿದು ನಿಂತಿದ್ದ ಬಾಬುಸಾಬ. ಕೂಡಿದರು. ದೀಪ ಇನ್ನಷ್ಟು ಸೊರಗಿತು.

ಫಕೀರವ್ವನಿಗೆ ಥಟ್ಟನೆ ಹೊಳೆಯಿತು. ಒಬ್ಬೊಬ್ಬರ ಮೈಯೂ ಹರಿವನ್ನು ಒಂದಿಷ್ಟು ತಡೆಯುತ್ತಿದೆ. ಎಲ್ಲರಿಗಿಂತ ಹೆಚ್ಚು ತಡೆಯುವುದು, ಸುಣ್ಣದ ಭಟ್ಟಿಯಲ್ಲಿ ನಲವತ್ತು ವರ್ಷ ಬೆಂದು ಒಣಗಿದ ತನ್ನ ಅಂಗೈ.

"ಈಗ ಬಂದ ನಾಕೂ ಮಂದಿ ಸರೀರಿ. ನಾನೂ ಸರೀತೀನಿ. ಬಾಬುಸಾಬ, ನೀನು ನನ್ನ ಆಚಿ ಕಡಿ ನಿಂತ ಗೌರಕ್ಕನ ಕೈ ಹಿಡಿ."

"ತಾಯಿ ಸಾಲು ಬಿಡತಾಳೇನಬೇ?" ಎಂದ ಬಾಬುಸಾಬ.

"ತಾಯಿ ಅದೀನಿ ಅಂತನ ಬಿಡತೀನಿ."

ಅವಳು ಕೈ ಬಿಟ್ಟೊಡನೆ ಎಲ್ಲ ಕತ್ತಲಾಯಿತು. ಉಳಿದವರು ಕೈ ಕೂಡಿಸಿದರು. ದೀಪ ಹಗಲಿನಂತೆ ಬೆಳಗಿತು.

ತುಸು ಹೊತ್ತಿಗೆ ಕೂಸು ಅತ್ತಿತು. ಸಾಲಿನ ಮೊದಲಿನವನಿಂದ ಕೊನೆಯವಳವರೆಗೆ ಎಲ್ಲರ ಮೈಯಲ್ಲೂ ಒಂದೇ ಸಮನೆ ಜುಮ್ಮು ಹರಿಯುತ್ತಿತ್ತು. ಸರಿದ ನಾಲ್ವರ ಜೊತೆ, ಅದು ತಾಗದೆ ಹೊರಗೆ ನಿಂತಿದ್ದಳು ಕೂಸಿನ ಅಜ್ಜಿ. ಬಾಗಿಲಿನಿಂದ ಹರಿದು ಬಂದ ಬೆಳಕಿಗೆ ಅವಳು ಖಾಲಿ ಅಂಗೈ ಒಡ್ಡಿದಳು. ಒಂದೊಂದು ಗೆರೆಯೂ ಕಾಣುತ್ತಿತ್ತು.