ಕಲ್ಮುರ್ಜಾನ ಬಲಗಣ್ಣು

ಬಿಷ್ಕೆಕ್‌ನ ಆಸ್ಪತ್ರೆಯಿಂದ ಬಂದ ಕಲ್ಮುರ್ಜಾ ಚಹಾ ಕೂಡ ಮುಟ್ಟದೆ ನೇರ ಕೊಟ್ಟಿಗೆಗೆ ನಡೆದ. ತೊಗಲಿನ ಕೈಗವಸು ತೊಟ್ಟು ತನ್ನ ಹೆಣ್ಣು ಬೇಟೆಹದ್ದನ್ನು ಬಲಗೈ ಮೇಲೆ ಕೂರಿಸಿಕೊಂಡು ಅದರ ಕಣ್ಣು ಮುಚ್ಚಿದ್ದ ಟೊಪ್ಪಿಗೆ ತೆಗೆದ. ಭಾರ ಕೈಗೆ ಗೊತ್ತಾಯಿತು. ಹದ್ದು ಮಾತ್ರ ಕಾಣಲಿಲ್ಲ.

"ಡಾಕ್ಟರಮ್ಮ ಏನಂದ್ರು ಮಾವ?" ಸೊಸೆ ಬುರುಲ್ ಬಾಗಿಲಲ್ಲೇ ನಿಂತು ಕೇಳಿದಳು.

ಗ್ಲಾಕೋಮಾ ಅವನ ಎಡಗಣ್ಣನ್ನು ಎಂದೋ ನುಂಗಿತ್ತು. ಬಲಗಣ್ಣಿಗೆ ಈಗ ಸಣ್ಣದೊಂದು ನಳಿಕೆ ಕೂರಿಸಿ, ಒಳಗೆ ತುಂಬಿಕೊಳ್ಳುವ ನೀರಿಗೆ ದಾರಿ ಮಾಡಿದ್ದರು.

"ಆಪರೇಷನ್ ಚೆನ್ನಾಗಾಯ್ತಂತೆ. ಒತ್ತಡ ಇಳಿದಿದೆ. ಉಳಿದಿರೋ ನೋಟ ಉಳ್ಕೊಳ್ಳುತ್ತೆ, ಹೋಗಿರೋದು ವಾಪಸ್ ಬರಲ್ಲವಂತೆ."

ಹೋಗಿದ್ದು ನೋಟದ ಇಡೀ ಬಲಮಗ್ಗುಲು. ಹದ್ದು ಕಾಣಬೇಕಾದರೆ ಮುಖವನ್ನೇ ಅದರತ್ತ ತಿರುಗಿಸಬೇಕು. ತಿರುಗಿಸಿದ. ಅದು ಅವನ ರೆಪ್ಪೆಯಡಿ, ನಳಿಕೆ ಇಟ್ಟಲ್ಲಿ ಕೆಂಪಗೆ ಉಬ್ಬಿದ್ದನ್ನೇ ನೋಡುತ್ತಿತ್ತು. ಮರಿಯಾಗಿದ್ದಾಗ ಅದಕ್ಕೆ ಬೇಟೆ ಕಲಿಸಿದವನು ಅವನೇ. ನರಿಯ ಬುರುಡೆಯ ಕಣ್ಣುಗುಳಿಯಲ್ಲಿ ಹಸಿಮಾಂಸ ತುರುಕಿ, ಅಲ್ಲಿಂದಲೇ ಕಿತ್ತು ತಿನ್ನಲು ಬಿಟ್ಟಿದ್ದ.

"ನೀವು ಹೋದಾಗಿಂದ ಸರಿಯಾಗಿ ತಿಂದೇ ಇಲ್ಲ ಅದು," ಎಂದಳು ಬುರುಲ್. "ಬೆಟ್ಟಕ್ಕೆ ಬಿಟ್ಟುಬಿಡಿ ಮಾವ. ವಯಸ್ಸಾದ ಹದ್ದನ್ನ ಎಲ್ರೂ ಬಿಡ್ತಾರೆ. ನಿಮಗಿರೋದು ಒಂದೇ ಕಣ್ಣು."

"ಇವಳನ್ನ ಬಿಟ್ಟು ನಾನೇನು ಮಾಡ್ಲಿ? ದಿನವಿಡೀ ನಿನ್ನ ಕೋಳಿ ಕಾಯ್ಲಾ?"

ತಮಾಷೆಯ ದನಿಯೇ. ಆದರೆ ಹದ್ದಿಲ್ಲದ ಕೈ ಹೊತ್ತು ಬದುಕಲು ಅವನಿಗೆ ನಿಜಕ್ಕೂ ಭಯವಿತ್ತು. ಕೊನೆಗೆ ಹೇಳಿದ: "ನಿನ್ನ ತಲೆವಸ್ತ್ರ ಕೊಡು. ನನ್ನ ಕಣ್ಣಿಗೆ ಕಟ್ಟು. ಕಾಣದೇ ಇರೋದಕ್ಕೆ ಇವಳು ಆಸೆಪಡಲ್ಲ."

"ಕಟ್ಟಿದ್ರೆ ನಿಮಗೂ ಏನೂ ಕಾಣಲ್ವಲ್ಲ ಮಾವ."

"ಕಟ್ಟು ಅಂದೆ."

ಬುರುಲ್ ಒಳಗೆ ಬಂದು ವಸ್ತ್ರ ಸುತ್ತಿ, ಬಲಗಿವಿಯ ಬಳಿ ಗಂಟು ಹಾಕಿ, ಹಿಂದೆ ಸರಿದಳು. ಕಲ್ಮುರ್ಜಾ ಕತ್ತಲಲ್ಲಿ ಸೊಂಟದ ಚೀಲದಿಂದ ಮಾಂಸದ ತುಂಡು ತೆಗೆದು ಚಾಚಿದ. ಹದ್ದು ಗಬಕ್ಕನೆ ಕಿತ್ತುಕೊಂಡಿತು. ಇನ್ನೊಂದು ಚಾಚಿದ, ಅದನ್ನೂ ತಿಂದಿತು.

"ನೋಡಿದ್ಯಾ, ಹೆಂಗೆ ತಿಂತಾಳೆ ನನ್ನ ಬಂಗಾರ," ಎಂದ. ಎಷ್ಟೋ ದಿನದ ಮೇಲೆ ಅವನ ಜೀವ ಹಗುರಾಗಿತ್ತು.

ಮಾಂಸ ಮುಗಿಯಿತು. ಕೊಟ್ಟಿಗೆ ನಿಶ್ಶಬ್ದವಾಯಿತು. ಕಿವಿಯ ಬಳಿ ಯಾರೋ ಮೆಲ್ಲಗೆ ಗಂಟು ಜಗ್ಗಿದಂತಾಯಿತು.

"ನೀನು ಬಿಡು ಬುರುಲ್," ಎಂದು ನಕ್ಕ. "ನಾನೇ ಬಿಚ್ಕೋತೀನಿ."

ಬುರುಲ್ ಬಾಗಿಲ ಹತ್ತಿರ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು.